ಕೋವಿಯ ಪರಂಪರೆ: ಕೊಡಗಿನ ಬೆಟ್ಟಗಳಲ್ಲಿ ಹಕ್ಕಿಬೇಟೆಯ ಚರಿತ್ರೆ

ಕೊಡಗಿನ ಹಳೆಯ ಮನೆಗಳಲ್ಲಿ ತಂದೆಯಿಂದ ಮಗನಿಗೆ ಇಳಿದು ಬಂದ ಸ್ವತ್ತುಗಳಲ್ಲಿ ಗದ್ದೆತೋಟ, ಒಡವೆಗಳಿಗೆ ಇರುವಷ್ಟೇ ಮನ್ನಣೆ ಕೋವಿಗೂ ಉಂಟು. ದೊಡ್ಡ ವೀರರಾಜೇಂದ್ರ ಅರಸರು 1792ರಲ್ಲಿ ವೀರರಾಜಪೇಟೆಯನ್ನು ಕಟ್ಟಿಸಿ, ಶ್ರೀರಂಗಪಟ್ಟಣದ ಸೆರೆಯಿಂದ ಪಾರಾಗಿ ಬಂದ ಕಥೋಲಿಕ ಕುಟುಂಬಗಳಿಗೆ ಆಶ್ರಯವಿತ್ತಂದಿನಿಂದ ನಮ್ಮ ಸಮಾಜವು ಈ ಕೋವಿಯ ನೆರೆಯಲ್ಲಿಯೇ ಬೆಳೆದುಬಂದಿದೆ. ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ನಮ್ಮ ದೇವಾಲಯದ ಚರಿತ್ರೆಯೊಡನೆ ನೆರೆಯವರ ಈ ಚರಿತ್ರೆಯನ್ನೂ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಕೊಡವ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಹರಳುಗಿಡದ ಕಡ್ಡಿಯಿಂದ ಬಿಲ್ಲನ್ನೂ ಅದರ ಎಲೆಯ ತೊಟ್ಟಿನಿಂದ ಬಾಣವನ್ನೂ ಮಾಡಿ ಶಿಶುವಿನ ಕೈಗೆ ಮುಟ್ಟಿಸಿ, ಒಂದು ಗುಂಡು ಹಾರಿಸುವುದು ಪೂರ್ವಿಕರ ಪದ್ಧತಿ. ಮನೆಯಲ್ಲಿ ಸಾವಾದರೆ ಬೆನ್ನುಬೆನ್ನಿಗೆ ಎರಡು ಗುಂಡು. ಬೆಟ್ಟದಾಚೆಯ ಮನೆಯವರು ಆ ಸದ್ದುಗಳನ್ನು ಎಣಿಸಿಯೇ ಸುದ್ದಿಯನ್ನು ತಿಳಿಯುತ್ತಿದ್ದರು. ಹೀಗೆ ಕೋವಿಯು ಬೇಟೆಯ ಸಾಧನವಾಗಿರುವುದರ ಜೊತೆಗೆ ಮನೆತನದ ಸುಖದುಃಖಗಳ ದನಿಯೂ ಆಗಿತ್ತು.

ಈ ಹಕ್ಕಿಗೆ ಕಾನೂನಿನ ಮನ್ನಣೆ ದೊರೆತುದು 1861ರಲ್ಲಿ. 1857ರ ದಂಗೆಯ ಬಳಿಕ ಬ್ರಿಟಿಷರು ದೇಶದಾದ್ಯಂತ ಜನರನ್ನು ನಿಶ್ಶಸ್ತ್ರಗೊಳಿಸಲು ಕಾಯಿದೆ ಮಾಡಿದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಸರ್ ಮಾರ್ಕ್ ಕಬ್ಬನ್ನರು ಕೊಡವರನ್ನು ಅದರಿಂದ ಹೊರತುಪಡಿಸಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ, ಸ್ವದೇಶಕ್ಕೆ ಮರಳುವ ದಾರಿಯಲ್ಲಿ, ಕಬ್ಬನ್ನರು ಸುಯೆಜ್‌ನಲ್ಲಿ ತೀರಿಕೊಂಡರು. ಅವರು ಇತ್ತ ವಿನಾಯಿತಿ ಮಾತ್ರ ಉಳಿಯಿತು. ಕೊಡವರಿಗೂ, ಯಾವ ಜಾತಿಯವರೇ ಆಗಲಿ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಅದು ಇಂದಿಗೂ ಸಲ್ಲುತ್ತದೆ. ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು; 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಇತರರಂತೆ ನಮ್ಮವರು ಮಾತ್ರ ಪರವಾನಗಿ ಪಡೆದೇ ಕೋವಿ ಇಟ್ಟುಕೊಳ್ಳಬೇಕು.

ಆರಂಭದಲ್ಲಿದ್ದುದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು, ಚರೆಗಳನ್ನು ಸುರಿದು, ಸಲಾಕೆಯಿಂದ ಜಡಿದು, ಕೇಪನ್ನಿಟ್ಟು ಹೊಡೆಯಬೇಕು. ಒಂದು ಈಡು ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಹಕ್ಕಿಯು ಕಣಿವೆ ದಾಟಿರುತ್ತಿತ್ತು. ಮಳೆ ಬಿದ್ದರೆ ಮದ್ದು ತೋಯ್ದು ಕೆಲಸ ಕೆಡುತ್ತಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಾಫಿತೋಟಗಳ ಐರೋಪ್ಯ ಸಾಹೇಬರೊಡನೆ ಜೋಡುನಳಿಗೆಯ ತೋಟಾಕೋವಿಯು ಬೆಟ್ಟಗಳನ್ನು ಹತ್ತಿತು. ಇಂದಿಗೂ ಅನೇಕ ಮನೆಗಳಲ್ಲಿ ಕಾಣುವುದು 12 ಬೋರಿನದು. ಅದರ ನಳಿಗೆಯ ಅಳತೆಯ ಸೀಸದ ಗುಂಡುಗಳು 12 ಕೂಡಿದರೆ ಒಂದು ಪೌಂಡು ತೂಗುವುದರಿಂದ ಆ ಹೆಸರು. ಎರಡು ಈಡುಗಳನ್ನು ಒಡನೊಡನೆಯೇ ಹೊಡೆದು ಕ್ಷಣದಲ್ಲಿ ಮತ್ತೆ ತುಂಬಬಹುದಾದ್ದರಿಂದ, ಹಿಂದೆ ಹಕ್ಕಿಗೆ ದೊರೆಯುತ್ತಿದ್ದ ಆ ಬಿಡುವು ಇಲ್ಲವಾಯಿತು.

ಬೆಟ್ಟದ ಬೇಟೆಯಲ್ಲಿ ಹಿರಿಯ ಸ್ಥಾನ ಕಾಡುಕೋಳಿಯದು. ಚಿಟ್ಟುಕೋಳಿ, ಹಸಿರು ಪಾರಿವಾಳಗಳು ಅದರ ಹಿಂದೆ. ನಮ್ಮ ಬೂದುಬಣ್ಣದ ಕಾಡುಕೋಳಿಯು ಭಾರತದಲ್ಲಿ ಮಾತ್ರ ಕಾಣುವ ಪಕ್ಷಿ. ಬೆಳಗಿನ ಜಾವ ಹುಂಜವು ಕೂಗುವಾಗಲೇ ಈಡುಗಾರನು ಅದರ ತಾಣವನ್ನು ಗುರುತಿಸಬೇಕು. ಬಿದಿರು ಹೂಬಿಟ್ಟು ಅಕ್ಕಿ ಉದುರುವ ವರ್ಷ ಕೋಳಿಗಳು ಗುಂಪುಗುಂಪಾಗಿ ಬಂದು ಸೇರುತ್ತಿದ್ದವು; ಅಂತಹ ವರ್ಷಗಳಲ್ಲಿಯೇ ಅತಿಬೇಟೆಯ ಆಸೆಯೂ ಹೆಚ್ಚುತ್ತಿತ್ತು. ಹುಂಜದ ಕೊರಳಿನ ಚುಕ್ಕೆಗರಿಗಳಿಗೆ ವಿಲಾಯತಿಯಲ್ಲಿ ಬೇಡಿಕೆಯಿತ್ತು. ಗಾಳದ ಕೃತಕ ಹುಳಗಳನ್ನು ಕಟ್ಟಲು ಅವನ್ನು ಬಳಸುತ್ತಿದ್ದರು. ಕೋಳಿಯು ಮನೆಯ ಊಟಕ್ಕಲ್ಲದೆ ದೂರದ ಪೇಟೆಗಾಗಿಯೂ ಸಾಯತೊಡಗಿತು.

ಆದರೆ ಹಳೆಯ ಪದ್ಧತಿಯಲ್ಲಿ ಸಂಯಮಕ್ಕೂ ಸ್ಥಾನವಿತ್ತೆಂಬುದನ್ನು ಮರೆಯಲಾಗದು. ಬೇಸಾಯದ ಕಾಲದಲ್ಲಿ ಕೋವಿಗಳಿಗೆ ವಿಶ್ರಾಂತಿ. ನಾಟಿ ಮುಗಿದ ಬಳಿಕ, ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತದಂದು, ಮನೆಯ ಕೋವಿಗಳನ್ನೆಲ್ಲ ಶುಚಿಗೊಳಿಸಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸಿದ ಮೇಲೆಯೇ ಬೇಟೆಯ ಕಾಲ ತೆರೆಯುತ್ತಿತ್ತು. ತೋಕ್ ಎಂದರೆ ಕೋವಿ, ಪೂ ಎಂದರೆ ಹೂ. ಕಾಡುಕೋಳಿ ಮೊಟ್ಟೆಯಿಡುವುದು ಹೆಚ್ಚಾಗಿ ಫೆಬ್ರವರಿಯಿಂದ ಮೇ ತಿಂಗಳವರೆಗೆ. ಕೋವಿ ಮತ್ತೆ ಕೈಗೆ ಬರುವ ಹೊತ್ತಿಗೆ ಮರಿಗಳು ಬೆಳೆದಿರುತ್ತಿದ್ದವು.

ಈ ಸಂಯಮವು ಸಡಿಲಗೊಂಡಲ್ಲಿ ಕಾನೂನು ಕೈಹಾಕಬೇಕಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ಬಿಗಿಯಾದ ಕಟ್ಟಿಗೆ ಒಳಪಡಿಸಿತು. 1991ರ ತಿದ್ದುಪಡಿಯು ಪರವಾನಗಿ ಪಡೆದು ಆಡುವ ಬೇಟೆಯನ್ನೂ ನಿಲ್ಲಿಸಿತು. 2019ರಲ್ಲಿ ಆಯುಧಗಳ ಕಾಯಿದೆಗೆ ತಿದ್ದುಪಡಿ ಬಂದಾಗ, ಪರವಾನಗಿದಾರನೊಬ್ಬನು ಹೊಂದಬಹುದಾದ ಕೋವಿಗಳ ಸಂಖ್ಯೆ 3ರಿಂದ 2ಕ್ಕೆ ಇಳಿಯಿತು. ಅಜ್ಜನಿಂದ ಬಂದ ಕೋವಿಯೂ ಆ ಲೆಕ್ಕಕ್ಕೆ ಸೇರಿತು.

ಹಾಗಾದರೆ ಬೇಟೆಯಿಲ್ಲದ ಕೋವಿಯನ್ನು ಮಗನ ಕೈಗಿಡುವುದರಲ್ಲಿ ಅರ್ಥವೇನು? ಕೈಲ್ ಮುಹೂರ್ತದಂದು ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಯಲ್ಲಿ ಉತ್ತರದ ಒಂದಂಶ ದೊರೆಯುತ್ತದೆ. ಕಣ್ಣಿನ ನೇರ, ಕೈಯ ಸ್ಥಿರತೆ, ಹಿರಿಯರ ಮುಂದಿನ ವಿನಯ ಇವೆಲ್ಲ ಅಲ್ಲಿ ಉಳಿದಿವೆ. ಜೀವಹಾನಿ ಮಾತ್ರ ಇಲ್ಲ. ಇನ್ನೊಂದಂಶವನ್ನು ನಾವೇ ಕೂಡಿಸಬೇಕಾಗಿದೆ. ಒಳ್ಳೆಯ ಈಡುಗಾರನು ಹಕ್ಕಿಯ ಕೂಗು, ಮೇವು, ಗೂಡುಗಳನ್ನು ಬಲ್ಲವನಾಗಿದ್ದನು. ಆ ಅರಿವು ಕೋವಿಯೊಡನೆ ಇಳಿದು ಬಾರದಿದ್ದರೆ ಮಕ್ಕಳಿಗೆ ಸಿಗುವುದು ಮರ ಮತ್ತು ಕಬ್ಬಿಣ ಮಾತ್ರ.

ನಮ್ಮ ಹಿರಿಯರೂ ನೆರೆಯವರೊಡನೆ ಈಡಿಗೆ ಹೋದವರೇ. ಅವರನ್ನು ನಿಂದಿಸಲು ನಾವು ಇಲ್ಲಿ ಕುಳಿತಿಲ್ಲ. ಮುಂದಿನ ನೂರು ವರ್ಷಗಳ ಬಳಿಕ ಈ ದೇವಾಲಯದ ಅಂಗಳದಲ್ಲಿ ನಿಂತವರಿಗೂ ಬೆಳಗಿನ ಗಂಟೆಯ ಹಿಂದೆಯೇ ತೋಟದಂಚಿನಿಂದ ಕಾಡುಕೋಳಿಯ ಕೂಗು ಕೇಳಿಬರಲಿ. ಕೋವಿಯನ್ನು ಉಳಿಸಿಕೊಂಡ ನಾಡು ಹಕ್ಕಿಯನ್ನೂ ಉಳಿಸಿಕೊಂಡಿತೆಂದು ಅವರು ಹೇಳುವಂತಾಗಲಿ ಎಂಬುದೇ ನಮ್ಮ ಹಾರೈಕೆ.