ಪರ್ವ (ಕಾದಂಬರಿ)

ಎಸ್.ಎಲ್. ಭೈರಪ್ಪನವರು ಮಹಾಭಾರತದ ಕಥೆಯನ್ನು ವಸ್ತುವಾಗಿಟ್ಟುಕೊಂಡು ಬರೆದ ಕಾದಂಬರಿ. ಬೆಂಗಳೂರಿನ ಸಾಹಿತ್ಯ ಭಂಡಾರ 1979ರಲ್ಲಿ ಪ್ರಕಟಿಸಿತು. ವರ, ಶಾಪ, ಅವತಾರ, ಆಕಾಶವಾಣಿ, ದಿವ್ಯಾಸ್ತ್ರ ಇಷ್ಟನ್ನೂ ಕಳೆದರೆ ಭಾರತದ ಕಥೆಯಲ್ಲಿ ಏನು ಉಳಿದೀತು ಎಂಬ ಪ್ರಶ್ನೆಗೆ ಕನ್ನಡದ ಗದ್ಯ ಕೊಟ್ಟಿರುವ ದೊಡ್ಡ ಉತ್ತರ ಇದು. ಉಳಿಯುವುದು ಹುಟ್ಟಿನ ವ್ಯಾಜ್ಯ. ಮಗು ಬೀಜ ಬಿತ್ತಿದವನದೋ, ಕ್ಷೇತ್ರದ ಒಡೆಯನದೋ? ರಾಜ್ಯದ ಪಾಲು, ಜೂಜು, ವನವಾಸ, ಯುದ್ಧ ಎಲ್ಲವೂ ಈ ಒಂದು ತಕರಾರಿನ ಬೆನ್ನಿಗೆ ಬರುತ್ತವೆ.

ಭೈರಪ್ಪ ಹುಟ್ಟಿದ್ದು 1931ರಲ್ಲಿ, ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ. ಅದೇ ಜಿಲ್ಲೆಯ ಪಶ್ಚಿಮಕ್ಕೆ, ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಹಗರೆ ಸಿಗುತ್ತದೆ. ಹಳೇಬೀಡಿನ ರಸ್ತೆ ಕವಲೊಡೆಯುವುದು ಅಲ್ಲೇ. ಈ ಸೀಮೆಯ ಜನರಿಗೆ ಮಹಾಭಾರತ ಪುಸ್ತಕ ಓದಿ ಗೊತ್ತಾಗಬೇಕಾದ ಕಥೆಯಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ 12ನೇ ಶತಮಾನದಿಂದ ಅಭಿಮನ್ಯು ಚಕ್ರವ್ಯೂಹದ ನಡುವೆ ನಿಂತಿದ್ದಾನೆ, ಭೀಷ್ಮ ಬಾಣಗಳ ಮೇಲೆ ಮಲಗಿದ್ದಾನೆ. ಜೈಮಿನಿ ಭಾರತದ ಕವಿ ಲಕ್ಷ್ಮೀಶ ಪಕ್ಕದ ಕಡೂರು ತಾಲ್ಲೂಕಿನ ದೇವನೂರಿನವನೆಂಬುದು ಬಹುಕಾಲದ ನಂಬಿಕೆ. ಇವೆರಡಕ್ಕಿಂತ ಹತ್ತಿರದ್ದು ಹಳ್ಳಿಗಳ 'ಕುರುಕ್ಷೇತ್ರ' ನಾಟಕ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪದ ಕಲಿಸುತ್ತಾರೆ. ಪಾತ್ರ ಬೇಕಾದವರು ಹಣ ಕಟ್ಟುತ್ತಾರೆ. ಕೃಷ್ಣ, ದುರ್ಯೋಧನನ ಪಾತ್ರಕ್ಕೆ ಹೆಚ್ಚು. ಸೀನರಿ ಬಾಡಿಗೆಗೆ ಬರುತ್ತದೆ, ರಾತ್ರಿ ಶುರುವಾದ ಆಟ ಬೆಳಗಾದರೂ ಮುಗಿಯುವುದಿಲ್ಲ. ರೈತ, ಅಂಗಡಿಯವರು, ಶಾಲೆಯ ಮೇಷ್ಟ್ರು ಕಿರೀಟ ಕಟ್ಟಿಕೊಂಡು ದಾಯಾದಿ ಜಗಳವನ್ನು ಹಾಡುತ್ತಾರೆ. ಜಮೀನಿನ ಪಾಲಿನ ಖಟ್ಲೆಗೆ ಕೋರ್ಟು ಅಲೆದವರಿಗೆ ಐದು ಊರು ಕೇಳಿ ಇಲ್ಲವೆನ್ನಿಸಿಕೊಂಡ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಭಾರತವನ್ನು ತಮ್ಮ ಕಾಲಕ್ಕೆ ಬಗ್ಗಿಸಿಕೊಂಡವರ ಸಾಲು ಉದ್ದದ್ದು. ಪಂಪ 941ರ ಹೊತ್ತಿಗೆ ತನ್ನ ಒಡೆಯ ಅರಿಕೇಸರಿಯನ್ನೇ ಅರ್ಜುನನಾಗಿಸಿ, ದ್ರೌಪದಿಗೆ ಅವನೊಬ್ಬನೇ ಗಂಡನೆಂದು ಕಥೆಯನ್ನು ತಿದ್ದಿದ. ಐದು ಜನ ಗಂಡಂದಿರ ಮುಜುಗರ ಅಷ್ಟು ಹಳೆಯದು. ರನ್ನ ದುರ್ಯೋಧನನಿಗೆ ಘನತೆ ತಂದ. ಕುಮಾರವ್ಯಾಸ ಕೃಷ್ಣಕಥೆಯೆಂದೇ ಹಾಡಿದ. ಇಪ್ಪತ್ತನೆಯ ಶತಮಾನದಲ್ಲಿ ಕುವೆಂಪು 'ಶ್ಮಶಾನ ಕುರುಕ್ಷೇತ್ರಂ' ನಾಟಕದಲ್ಲಿ ಯುದ್ಧ ಮುಗಿದ ರಾತ್ರಿಯ ರಣರಂಗವನ್ನು ತೋರಿಸಿದರು. ಎ.ಆರ್. ಕೃಷ್ಣಶಾಸ್ತ್ರಿಗಳ 'ವಚನಭಾರತ' ವ್ಯಾಸರ ಕಥೆಯನ್ನು ತಿಳಿಗನ್ನಡ ಗದ್ಯದಲ್ಲಿ ಮನೆಮನೆಗೆ ಮುಟ್ಟಿಸಿತು. ಆದರೆ ಇವರಲ್ಲಿ ಯಾರೂ ಕಥೆಯ ಅಲೌಕಿಕವನ್ನು ಪೂರ್ತಿಯಾಗಿ ಕಿತ್ತುಹಾಕಲು ಹೋಗಲಿಲ್ಲ.

ಹಾಗೆ ಮಾಡಲು ವಿದ್ವತ್ತಿನ ನೆಲ ಹದವಾಗಿದ್ದು ಪುಣೆಯಲ್ಲಿ. ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ 1919ರಲ್ಲಿ ಕೈಗೆತ್ತಿಕೊಂಡ ಮಹಾಭಾರತದ ಪರಿಷ್ಕೃತ ಆವೃತ್ತಿ 1966ರಲ್ಲಿ ಮುಗಿಯಿತು. ಯಾವುದು ಹಳೆಯ ಪಾಠ, ಯಾವುದು ಆಮೇಲೆ ಸೇರಿದ್ದು ಎಂದು ಬೇರ್ಪಡಿಸಿ ನೋಡುವುದು ಸಾಧ್ಯವಾಯಿತು. ಮರುವರ್ಷವೇ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಅವರ ಮರಾಠಿ ಕೃತಿ 'ಯುಗಾಂತ' ಬಂತು. ಕುಂತಿ, ಗಾಂಧಾರಿ, ದ್ರೌಪದಿಯರನ್ನು ಒಂದು ಕಾಲದ ಕುಟುಂಬ ವ್ಯವಸ್ಥೆಯೊಳಗಿನ ಹೆಂಗಸರಾಗಿ ಕರ್ವೆ ನೋಡಿದರು. ಧರ್ಮರಾಯನ ತಂದೆ ವಿದುರನೇ ಇರಬಹುದೆಂದೂ ಊಹಿಸಿದರು. ಭೈರಪ್ಪ ಆ ಊಹೆಯನ್ನು ಹಿಡಿಯಲಿಲ್ಲ. ಅವರು ಬೆಟ್ಟ ಹತ್ತಿದರು.

ಮಹಾಭಾರತದ ಪಾತ್ರಗಳನ್ನು ನಿಜವಾದ ಮನುಷ್ಯರಾಗಿ ಕಾಣುವ ಬಗ್ಗೆ ವೈದ್ಯ ಸ್ನೇಹಿತರೊಬ್ಬರೊಡನೆ ನಡೆದ ಮಾತುಕತೆ ಕಾದಂಬರಿಯ ಬಿತ್ತು. ಮುಂದೆ ಭೈರಪ್ಪ ಹಿಮಾಲಯದ ಗಢವಾಲ ಸೀಮೆಗೆ ಹೋದಾಗ, ಅಣ್ಣತಮ್ಮಂದಿರೆಲ್ಲ ಒಬ್ಬಳನ್ನೇ ಮದುವೆಯಾಗುವ ಪದ್ಧತಿ ಇನ್ನೂ ಬಳಕೆಯಲ್ಲಿದ್ದ ಹಳ್ಳಿಯನ್ನು ಕಂಡರು. ಅಲ್ಲಿಯವರಿಗೆ ಅದು ಅವಮಾನವೂ ಅಲ್ಲ, ಪುರಾಣವೂ ಅಲ್ಲ. ದ್ರೌಪದಿಯ ಹೆಸರು ಹೇಳಿ ಸಮರ್ಥಿಸಿಕೊಳ್ಳುವ ಸಂಸಾರದ ಕ್ರಮ. ಪಂಪ ಕಥೆ ತಿದ್ದಿ ತಪ್ಪಿಸಿಕೊಂಡ ತೊಡಕು ಇಲ್ಲಿ ನಿತ್ಯದ ಬದುಕಾಗಿತ್ತು. ಆಮೇಲೆ ಅವರು ಕುರುಕ್ಷೇತ್ರ, ದ್ವಾರಕೆ ಮೊದಲಾದ ಜಾಗಗಳನ್ನು ಸುತ್ತಿದರು. ವೇದಕಾಲದ ಮದುವೆ, ಆಹಾರ, ಸಾರಿಗೆ, ಯುದ್ಧಕ್ರಮಗಳ ಬಗ್ಗೆ ಓದಿದರು. ಗುಜರಾತಿನ ವಲ್ಲಭ ವಿದ್ಯಾನಗರದಲ್ಲೂ ದೆಹಲಿಯಲ್ಲೂ ಅಧ್ಯಾಪಕರಾಗಿದ್ದವರಿಗೆ ಉತ್ತರದ ನೆಲ ಮೊದಲೇ ಅಪರಿಚಿತವಾಗಿರಲಿಲ್ಲ. ಕಥೆ ನಡೆಯುವ ಕಾಲವನ್ನು ಕ್ರಿಸ್ತಪೂರ್ವ 12ನೇ ಶತಮಾನದ ಸುಮಾರಿಗೆ ಇಟ್ಟುಕೊಂಡರು.

ಕಾದಂಬರಿ ಶುರುವಾಗುವುದು ಹಸ್ತಿನಾವತಿಯಲ್ಲಲ್ಲ, ಮದ್ರದೇಶದಲ್ಲಿ. ಪಾಂಡವರಲ್ಲೂ ಕೌರವರಲ್ಲೂ ಒಬ್ಬನಲ್ಲದ ಮುದುಕ ಶಲ್ಯನ ಮನೆಯಲ್ಲಿ. ಹೆಣ್ಣಿಗೆ ತೆರ ತೆಗೆದುಕೊಳ್ಳುವುದು ಮದ್ರರ ಪದ್ಧತಿ. ತಂಗಿ ಮಾದ್ರಿಯನ್ನು ಶಲ್ಯ ಕೊಟ್ಟದ್ದೂ ಭೀಷ್ಮನಿಂದ ಶುಲ್ಕ ಪಡೆದೇ. ಇದು ವ್ಯಾಸಭಾರತದಲ್ಲೂ ಇರುವ ಸಂಗತಿ. ಈಗ ಮನೆಯಲ್ಲಿ ಮದುವೆಗೆ ಬಂದ ಮೊಮ್ಮಗಳಿದ್ದಾಳೆ. ಮಗನಿಗೆ ಆರ್ಯಾವರ್ತದ ದೊಡ್ಡಮನೆಗಳಂತೆ ಸ್ವಯಂವರ ಮಾಡುವ ಹಂಬಲ. ಮೊದಲ ಪುಟಗಳಿಂದಲೇ ಓದುಗನಿಗೆ ಗೊತ್ತಾಗುತ್ತದೆ, ಇಲ್ಲಿ ಧರ್ಮ ಎಂದರೆ ಸೀಮೆಯಿಂದ ಸೀಮೆಗೆ ಬೇರೆಯಾಗುವ ನಡಾವಳಿ. ಇನ್ನೂ ಮುಖ್ಯವಾಗಿ, ಯುದ್ಧಕ್ಕೆ ಸೇರುವ ರಾಜರಲ್ಲಿ ಬಹುಪಾಲು ಜನ ಬರುವುದು ನ್ಯಾಯಕ್ಕಲ್ಲ, ತಮ್ಮ ತಮ್ಮ ಹಳೆಯ ಮುನಿಸು, ನೆಂಟಸ್ತಿಕೆ, ಪ್ರತಿಷ್ಠೆಗೆ. ಇದಕ್ಕಿಂತ ಜಾಣತನದ ಆರಂಭ ಕನ್ನಡ ಕಾದಂಬರಿಗಳಲ್ಲಿ ಕಡಿಮೆ.

ಅಲ್ಲಿಂದ ಕಥೆ ಒಬ್ಬೊಬ್ಬರ ನೆನಪಿನೊಳಕ್ಕೆ ಇಳಿಯುತ್ತದೆ. ಕುಂತಿ, ದ್ರೌಪದಿ, ಭೀಮ, ಅರ್ಜುನ, ಭೀಷ್ಮ, ಕರ್ಣ, ಸಾತ್ಯಕಿ ಹೀಗೆ. ಯುದ್ಧದ ಸಿದ್ಧತೆ ನಡೆಯುತ್ತಿರುವಾಗಲೇ ಹಿಂದಿನದೆಲ್ಲ ತೆರೆದುಕೊಳ್ಳುತ್ತದೆ. ಒಂದೇ ಘಟನೆ ಇಬ್ಬರ ನೆನಪಿನಲ್ಲಿ ಎರಡು ಬಗೆಯಾಗಿ ಬರುತ್ತದೆ, ಯಾವುದು ಸರಿ ಎಂದು ಲೇಖಕರು ತೀರ್ಪು ಕೊಡಲು ಬರುವುದಿಲ್ಲ. ದೇವತೆಗಳು ಇಲ್ಲಿ ಹಿಮಾಲಯದ ಮೇಲೆ ನೆಲೆಸಿದ ದೇವಜನ. ರಾಕ್ಷಸರು, ನಾಗರು ಕಾಡಿನ ಬುಡಕಟ್ಟುಗಳು. ಪಾಂಡುವಿನಿಂದ ಮಕ್ಕಳಾಗುವುದಿಲ್ಲವೆಂದು ಖಚಿತವಾದ ಮೇಲೆ ಕುಂತಿಯೂ ಮಾದ್ರಿಯೂ ನಿಯೋಗದಿಂದ ಆ ದೇವಜನದ ಪುರುಷರಲ್ಲಿ ಮಕ್ಕಳನ್ನು ಪಡೆಯುತ್ತಾರೆ. ಕಟ್ಟಳೆ ಹೇಳುವ ಧರ್ಮಾಧಿಕಾರಿ, ಪಡೆಯ ಬಲಶಾಲಿ, ಒಡೆಯನಾದ ಇಂದ್ರ, ವೈದ್ಯ ಸೋದರರು, ಹೀಗೆ ಮಂತ್ರಕ್ಕೆ ಓಗೊಟ್ಟು ಬರುತ್ತಿದ್ದ ದೇವರುಗಳು ಉಸಿರಾಡುವ ಗಂಡಸರಾಗುತ್ತಾರೆ. ಕುಂತಿಯ ಭಾಗದಲ್ಲಿ ಭೈರಪ್ಪನವರ ಬರವಣಿಗೆ ತುಂಬ ಎಚ್ಚರದ್ದು. ವಿಧಿಯೆಂದು ಒಪ್ಪಿಕೊಂಡ ಕೆಲಸದಲ್ಲಿ ಮೈಮನಸ್ಸು ಏನು ಬಯಸಿತು ಎಂಬುದನ್ನು ಕುಂತಿ ತನಗೆ ತಾನೇ ಮುಚ್ಚಿಡುವುದಿಲ್ಲ.

ಇಲ್ಲೇ ದುರ್ಯೋಧನನ ವಾದ ಹುಟ್ಟುವುದು. ಪಾಂಡವರು ಪಾಂಡುವಿಗೆ ಹುಟ್ಟಿದವರಲ್ಲ, ಆದ್ದರಿಂದ ಕುರುಗಳೇ ಅಲ್ಲ, ಪಾಲು ಕೇಳುವ ಹಕ್ಕೆಲ್ಲಿಯದು? ಪುರಾಣದ ಖಳನ ಬಾಯಲ್ಲಿ ಈ ಮಾತು ಕಾನೂನಿನ ಗಟ್ಟಿ ಪ್ರಶ್ನೆಯಾಗುತ್ತದೆ. ಅದನ್ನು ಒಪ್ಪಿದರೆ ಅವನ ತಂದೆ ಧೃತರಾಷ್ಟ್ರನ ಹುಟ್ಟೂ ನಿಯೋಗದ್ದೇ ಎಂಬುದು ಎದುರು ನಿಲ್ಲುತ್ತದೆ. ಭೀಷ್ಮ ಯುದ್ಧಕ್ಕೆ ಮುಂಚೆ ಇದೇ ಸಂಶಯ ಹೊತ್ತು ವ್ಯಾಸರ ಆಶ್ರಮಕ್ಕೆ ಹೋಗುತ್ತಾನೆ. ಭೈರಪ್ಪನವರಿಗೆ ಈ ಪ್ರಶ್ನೆ ಹೊಸದಲ್ಲ. 1965ರ 'ವಂಶವೃಕ್ಷ'ದಲ್ಲಿ ವಂಶದ ಶುದ್ಧಿಯನ್ನೇ ಬದುಕಾಗಿಸಿಕೊಂಡ ಶ್ರೀನಿವಾಸ ಶ್ರೋತ್ರಿಗಳು, ತಾವು ಹೆಸರಿಗೆ ತಂದೆಯಾದವರ ಮಗನೇ ಅಲ್ಲವೆಂದು ವೃದ್ಧಾಪ್ಯದಲ್ಲಿ ತಿಳಿಯುತ್ತಾರೆ. ನಂಜನಗೂಡಿನ ಆ ಒಂದು ಮನೆಯ ಗುಟ್ಟನ್ನು 'ಪರ್ವ' ಇಡೀ ಕುರುವಂಶಕ್ಕೆ ಹಿಗ್ಗಿಸಿದೆ. ಇದನ್ನು ಗಮನಿಸದೆ 'ಪರ್ವ'ವನ್ನು ಬರಿಯ ಪುರಾಣಭಂಜನೆಯೆಂದು ಓದುವವರು ಅದರ ಬೇರನ್ನೇ ಬಿಟ್ಟಂತೆ.

ದ್ರೌಪದಿಯ ಭಾಗ ನೋವಿನದು. ಅಕ್ಷಯವಾಗುವ ಸೀರೆ ಇಲ್ಲಿಲ್ಲ. ಐವರಿಗೆ ಸರದಿಯ ಹೆಂಡತಿಯಾಗಿ, ಗೆದ್ದು ತಂದ ಅರ್ಜುನನೇ ಸುಭದ್ರೆಯನ್ನು ಕರೆತಂದ ಮೇಲೆ ಒಳಗೊಳಗೆ ಬತ್ತಿದವಳು. ನಿಜವಾಗಿ ತನ್ನ ಕಡೆ ನಿಂತವನು ಭೀಮನೊಬ್ಬನೇ ಎಂಬುದು ಅವಳಿಗೆ ಗೊತ್ತು. ಆ ಭೀಮ ಯುದ್ಧಕ್ಕೆ ಜನ ಬೇಕೆಂದು ತಾನು ಎಂದೋ ಬಿಟ್ಟುಬಂದ ಹಿಡಿಂಬೆಯ ಕಾಡಿಗೆ ಹೋಗಿ ನಿಲ್ಲುವ ಪ್ರಸಂಗ ಕಾದಂಬರಿಯ ಅತ್ಯುತ್ತಮ ಭಾಗಗಳಲ್ಲಿ ಒಂದು. ಕಾಡಿನವಳನ್ನು ಮರೆತ ಊರಿನವನಿಗೆ ಅಲ್ಲಿ ತಲೆಯೆತ್ತಲಾಗುವುದಿಲ್ಲ.

ಕೃಷ್ಣನಿಗೆ ಮಾತ್ರ ಲೇಖಕರು ಸ್ವಂತ ಮನೋಗತ ಕೊಟ್ಟಿಲ್ಲ. ಸಾತ್ಯಕಿ, ಅರ್ಜುನ, ದ್ರೌಪದಿ ಕಂಡಷ್ಟೇ ಅವನು. ನರಕನ ಸೆರೆಯಿಂದ ಬಿಡಿಸಿ ತಂದ ಹೆಂಗಸರಿಗೆ ಮನೆಯ ಮಾನ ಕೊಟ್ಟವನು, ಜರಾಸಂಧನ ಕಾಟಕ್ಕೆ ತನ್ನ ಜನರನ್ನು ಮಥುರೆಯಿಂದ ದ್ವಾರಕೆಗೆ ಗುಳೆ ಎಬ್ಬಿಸಿದವನು. ದೇವರಲ್ಲವೆಂದು ಹೇಳುವ ಕಾದಂಬರಿ ಅವನ ಒಳಗನ್ನು ತೆರೆಯದೆ ಬಿಟ್ಟಿರುವುದು ಜಾಣ್ಮೆಯೋ ಅಳುಕೋ ಎಂದು ಕೇಳಬಹುದು. ಜಾಣ್ಮೆಯೇ ಇರಬೇಕು. ಹಳ್ಳಿಯ ನಾಟಕದಲ್ಲಿ ರಾಗಕ್ಕೆ ರಾಗ ಸೇರಿಸಿ ಹಾಡುವ ಕೃಷ್ಣನಿಗೂ ಈ ಕೃಷ್ಣನಿಗೂ ಇರುವ ದೂರ ಈ ಮೌನದಿಂದಲೇ ತಿಳಿಯುತ್ತದೆ.

ಕೊನೆಯ ಭಾಗ ಯುದ್ಧ. ಹದಿನೆಂಟು ದಿನಗಳನ್ನು ಭೈರಪ್ಪ ಶೌರ್ಯದ ಲೆಕ್ಕದಲ್ಲಿ ಬರೆಯಲಿಲ್ಲ. ಸಾವಿರಾರು ಜನ, ಕುದುರೆ, ಆನೆ ಒಂದೇ ಬಯಲಿನಲ್ಲಿ ಸೇರಿದರೆ ಮೇವೆಲ್ಲಿ, ನೀರೆಲ್ಲಿ, ಹೇಸಿಗೆ ಎಲ್ಲಿ ಹೋಗುತ್ತದೆ? ಹೆಣಗಳನ್ನು ಸುಡಲು ಸೌದೆಯೆಲ್ಲಿ? ದುರ್ನಾತ, ನೊಣ, ಬೇನೆ, ಹಸಿವು, ಯಾರಿಗಾಗಿ ಸಾಯುತ್ತಿದ್ದೇವೆಂದು ತಿಳಿಯದ ಕಾಲಾಳುಗಳು, ಇವೇ ಅಲ್ಲಿಯ ಸುದ್ದಿ. ಎಳೆವಯಸ್ಸಿನಲ್ಲೇ ಪ್ಲೇಗು ತನ್ನ ಮನೆಯವರನ್ನು ಕಿತ್ತುಕೊಂಡದ್ದನ್ನು ಕಂಡು, ಆ ಕಾಲದ ಹಳ್ಳಿಯನ್ನು 'ಗೃಹಭಂಗ'ದಲ್ಲಿ (1970) ಚಿತ್ರಿಸಿದ ಕೈಗೇ ಈ ಪುಟಗಳು ಸಾಧ್ಯ. ಸಾಲುಸಾಲು ಸಾವನ್ನು ಅವರು ಗ್ರಂಥಗಳಿಂದ ಕಲಿತವರಲ್ಲ. ಯುದ್ಧದ ಕೊನೆಗೆ ಉತ್ತರೆಯ ಕೂಸು ಸತ್ತೇ ಹುಟ್ಟುತ್ತದೆ. ವಂಶಕ್ಕಾಗಿ ನಡೆದ ಜಗಳದಲ್ಲಿ ವಂಶವೇ ಉಳಿಯುವುದಿಲ್ಲ. ಮೂಲದಲ್ಲಿ ಕೃಷ್ಣ ಬದುಕಿಸುವ ಪರೀಕ್ಷಿತನನ್ನು ಇಲ್ಲಿ ಬದುಕಿಸುವವರಿಲ್ಲ. ಪವಾಡ ಬಿಟ್ಟ ಲೇಖಕ ಕೊನೆಯವರೆಗೂ ಆ ಮಾತಿಗೆ ನಿಂತಿದ್ದಾರೆ.

ಕುಂದುಗಳೂ ಇವೆ. ಭೈರಪ್ಪ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದರು; 'ಸತ್ಯ ಮತ್ತು ಸೌಂದರ್ಯ' ಅವರ ಡಾಕ್ಟರೇಟ್ ಪ್ರಬಂಧ. ಕೆಲವು ಕಡೆ ಪಾತ್ರಗಳು ತಾವು ಆಡುವುದನ್ನು ಬಿಟ್ಟು ತರಗತಿಯ ಚರ್ಚೆಗೆ ಕೂರುತ್ತವೆ. ಆಶ್ರಮದ ಸಂಭಾಷಣೆಗಳನ್ನು ಅರ್ಧಕ್ಕೆ ಇಳಿಸಿದ್ದರೂ ನಷ್ಟವಿರಲಿಲ್ಲ. ಪವಾಡಕ್ಕೆಲ್ಲ ಒಂದು ಲೌಕಿಕ ಕಾರಣ ಹುಡುಕುವ ಹಟ ಒಮ್ಮೊಮ್ಮೆ ಅಂಕಗಣಿತದ ಲೆಕ್ಕ ಬಿಡಿಸಿದಂತೆ ಕಾಣುತ್ತದೆ. ಕುಮಾರವ್ಯಾಸನ ರೂಪಕಗಳಲ್ಲಿ ಮಿಂದ ಓದುಗರಿಗೆ ಈ ಗದ್ಯ ಒಣಗಿದಂತೆ ಅನ್ನಿಸುವುದುಂಟು. ಆ ಒಣಗುವಿಕೆ ಬೇಕೆಂದೇ ತಂದದ್ದು ಎಂಬುದು ಯುದ್ಧದ ಭಾಗಕ್ಕೆ ಬಂದಾಗ ಮನವರಿಕೆಯಾಗುತ್ತದೆ.

ಬೇರೆ ಭಾಷೆಗಳಲ್ಲೂ ಆ ದಶಕಗಳಲ್ಲಿ ಭಾರತದ ಕಾದಂಬರಿಗಳು ಬಂದವು. ಶಿವಾಜಿ ಸಾವಂತರ ಮರಾಠಿ 'ಮೃತ್ಯುಂಜಯ' (1967) ಕರ್ಣನದು. ಎಂ.ಟಿ. ವಾಸುದೇವನ್ ನಾಯರ್ ಅವರ ಮಲಯಾಳಂ 'ರಂಡಾಮೂಳಂ' (1984) ಭೀಮನದು. ಪವಾಡ ಕಳೆಯುವ ವಿಷಯದಲ್ಲಿ 'ಪರ್ವ'ಕ್ಕೆ ತೀರ ಹತ್ತಿರದ ಸೋದರ ಅದೇ. ಪ್ರತಿಭಾ ರಾಯ್ ಅವರ ಒಡಿಯಾ 'ಯಾಜ್ಞಸೇನಿ' (1984) ದ್ರೌಪದಿಯದು. ಇವೆಲ್ಲ ಒಬ್ಬೊಬ್ಬರ ಪರವಾಗಿ ನಿಂತವು. 'ಪರ್ವ'ಕ್ಕೆ ನಾಯಕನಿಲ್ಲ. ಅದರ ಹಿರಿಮೆ ಇರುವುದೂ ಅಲ್ಲೇ.

'ಪರ್ವ' ಹಲವು ಭಾರತೀಯ ಭಾಷೆಗಳಿಗೆ ಹೋಗಿದೆ. ಕೆ. ರಾಘವೇಂದ್ರ ರಾವ್ ಅವರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 1994ರಲ್ಲಿ ಹೊರತಂದಿತು. ಮರಾಠಿಗೆ ಉಮಾ ಕುಲಕರ್ಣಿ ತಂದರು. ಪಾವಣ್ಣನ್ ಅವರ ತಮಿಳು ಅನುವಾದ 'ಪರುವಂ' ಅಕಾಡೆಮಿಯ ಅನುವಾದ ಪ್ರಶಸ್ತಿ ಪಡೆಯಿತು. ಲೇಖಕರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ (1975) ತಂದದ್ದು 'ದಾಟು', ಸರಸ್ವತಿ ಸಮ್ಮಾನ ತಂದದ್ದು 'ಮಂದ್ರ'. ಅವರ ಕೃತಿಗಳಲ್ಲಿ ಕನ್ನಡದ ಹೊರಗೂ ಹೆಚ್ಚು ಚರ್ಚೆಗೆ ಬಂದವುಗಳಲ್ಲಿ 'ಪರ್ವ' ಒಂದು. 2021ರ ಮಾರ್ಚ್‌ನಲ್ಲಿ ಮೈಸೂರಿನ ರಂಗಾಯಣ ಪ್ರಕಾಶ್ ಬೆಳವಾಡಿ ಅವರ ನಿರ್ದೇಶನದಲ್ಲಿ ಇದನ್ನು ಸುಮಾರು ಎಂಟು ಗಂಟೆಗಳ ನಾಟಕವಾಗಿ ಆಡಿತು. ಇಡೀ ರಾತ್ರಿ 'ಕುರುಕ್ಷೇತ್ರ' ನೋಡುವ ಜನರ ನಾಡಿನಲ್ಲಿ ಆ ಅವಧಿ ಹೆಚ್ಚೆನ್ನಿಸಬೇಕಾಗಿಲ್ಲ. 2023ರಲ್ಲಿ ಹಿಂದಿ ನಿರ್ದೇಶಕ ವಿವೇಕ್ ಅಗ್ನಿಹೋತ್ರಿ ಇದರ ಮೇಲೆ ಚಲನಚಿತ್ರ ಮಾಡುವುದಾಗಿ ಘೋಷಿಸಿದರು.

ರಾಮಾಯಣವನ್ನು ಭೈರಪ್ಪ ಮುಟ್ಟಿದ್ದು ತುಂಬ ತಡವಾಗಿ, 2017ರ 'ಉತ್ತರಕಾಂಡ'ದಲ್ಲಿ. ಅಲ್ಲಿ ಕಥೆಯೆಲ್ಲ ಸೀತೆಯದು. ಎಂಬತ್ತು ದಾಟಿದ ಲೇಖಕರ ಆ ಕೃತಿ 'ಪರ್ವ'ದ ಹರವಿಗೆ ಬರಲಿಲ್ಲ. 2025ರ ಸೆಪ್ಟೆಂಬರ್ 24ರಂದು ಭೈರಪ್ಪ ಬೆಂಗಳೂರಿನಲ್ಲಿ ತೀರಿಕೊಂಡರು.

'ಪರ್ವ' ಓದಲು ಮಹಾಭಾರತದ ಕಥೆ ಚೆನ್ನಾಗಿ ಗೊತ್ತಿರಬೇಕು. ಲೇಖಕರು ಏನನ್ನು ಬಿಟ್ಟರು, ಏನನ್ನು ತಿರುಗಿಸಿದರು ಎಂಬುದು ಆಗಲೇ ತಿಳಿಯುವುದು. ಗೊತ್ತಿಲ್ಲದ ಎಳೆಯ ಓದುಗರು ಮೊದಲು 'ವಚನಭಾರತ' ಓದಿ ಮುಗಿಸಿ, ಆಮೇಲೆ ಇದನ್ನು ಕೈಗೆತ್ತಿಕೊಳ್ಳುವುದು ಒಳ್ಳೆಯದು.