705 ಹೊಡೆದೂ ಕೈತಪ್ಪಿದ ರಣಜಿ

ದೆಹಲಿಗೆ ಬಂದು ಹತ್ತಿರ ಹತ್ತಿರ ಮೂವತ್ತು ವರ್ಷವಾಯಿತು. ಗ್ಯಾಸ್ ಕನೆಕ್ಷನ್ನು, ವೋಟರ್ ಕಾರ್ಡು, ಮಕ್ಕಳ ಹಿಂದಿ ಎಲ್ಲ ಇಲ್ಲಿಯದೇ. ಕ್ರಿಕೆಟ್ ಮಾತ್ರ ಇನ್ನೂ ಟ್ರಾನ್ಸ್‌ಫರ್ ಆಗಿಲ್ಲ! ರಣಜಿ ಟ್ರೋಫಿಯ ನಾಕೌಟ್ ಹತ್ತಿರ ಬಂದಾಗಲೆಲ್ಲ ಬ್ರಾಂಚಿನಲ್ಲಿ ಯಾರಾದರೊಬ್ಬರು ನನ್ನನ್ನು ಕೆಣಕುತ್ತಾರೆ. "ಸಾತ್ ಸೌ ಪಾಂಚ್ ಯಾದ್ ಹೈ ನಾ?" ಅಂತ. ಹೀಗೆ ಕೇಳುವವರಲ್ಲಿ ಅರ್ಧ ಜನ ಆಗ ಹುಟ್ಟಿಯೇ ಇರಲಿಲ್ಲ. ಆದರೂ ಕೇಳುತ್ತಾರೆ. ದೆಹಲಿಯವರಿಗೆ ಅದು ಪಿತ್ರಾರ್ಜಿತ ಆಸ್ತಿ ಇದ್ದ ಹಾಗೆ.

ಏನದು ಸಾತ್ ಸೌ ಪಾಂಚ್? 1982ರ ಮಾರ್ಚ್, ಫಿರೋಜ್ ಷಾ ಕೋಟ್ಲಾ, ರಣಜಿ ಫೈನಲ್. ದೆಹಲಿ ಮತ್ತು ಕರ್ನಾಟಕ.

ಈಗ ಪ್ರತಿ ದೊಡ್ಡ ಪಂದ್ಯಕ್ಕೂ ಮೊದಲು 'ಪ್ರಿವ್ಯೂ' ಅಂತ ಬರೆಯುತ್ತಾರಲ್ಲ, ಯಾರ ಫಾರ್ಮ್ ಹೇಗಿದೆ, ಯಾರ ಕೈ ಮೇಲು ಅಂತ. ಆ ಫೈನಲ್ಲಿನ ಹಿಂದಿನ ದಿನ ಯಾರಾದರೂ ಹಾಗೆ ಕೂತು ಲೆಕ್ಕ ಹಾಕಿದ್ದರೆ ಏನು ಕಾಣುತ್ತಿತ್ತು? ನಾನು ಬಿ.ಕಾಂ. ಓದಿದವನು, ಎರಡೂ ಕಡೆಯ ಖಾತೆ ತೆಗೆದು ನೋಡುವುದು ಅಭ್ಯಾಸ.

ಮೊದಲು ನಮ್ಮ ಖಾತೆ. ಬಾಂಬೆ ತಂಡ ಸತತ 15 ವರ್ಷ ರಣಜಿ ಗೆದ್ದಿತ್ತು. ಆ ಸರಪಳಿ ಕಡಿದದ್ದು 1973-74ರಲ್ಲಿ ಪ್ರಸನ್ನ ಅವರ ಕರ್ನಾಟಕ. ಆ ವರ್ಷ ನಮ್ಮ ಮೊದಲ ಕಪ್. ಎರಡನೆಯದು 1977-78ರಲ್ಲಿ, ಅದೂ ಇಲ್ಲೇ ಪಕ್ಕದಲ್ಲಿ! ಗಾಜಿಯಾಬಾದಿನ ಮೋಹನ್ ನಗರದಲ್ಲಿ ಉತ್ತರ ಪ್ರದೇಶವನ್ನು ಇನ್ನಿಂಗ್ಸ್ ಮತ್ತು 193 ರನ್ನುಗಳಿಂದ ಬಡಿದೆವು, ವಿಶ್ವನಾಥ್ 247. ಇವತ್ತು ಆ ದಾರಿಯಲ್ಲಿ ಮೆಟ್ರೋದಲ್ಲಿ ಹೋಗುವ ನಮ್ಮವರಿಗೆ ಇದು ಗೊತ್ತೇ ಇರುವುದಿಲ್ಲ. ಇನ್ನು 1981-82ರ ಸೆಮಿಫೈನಲ್ ಕೇಳಬೇಡಿ. ಬೆಂಗಳೂರಿನಲ್ಲಿ ಬಾಂಬೆ ವಿರುದ್ಧ ಪುತ್ತೂರಿನ ರಘುರಾಮ ಭಟ್ಟರ ಹ್ಯಾಟ್ರಿಕ್. ಚೆಂಡು ಎಷ್ಟು ತಿರುಗುತ್ತಿತ್ತೆಂದರೆ ಎರಡನೇ ಇನ್ನಿಂಗ್ಸಿನಲ್ಲಿ ಸಾಕ್ಷಾತ್ ಗವಾಸ್ಕರ್ ಭಟ್ಟರ ಎದುರು ಎಡಗೈಯಲ್ಲಿ ಬ್ಯಾಟ್ ಮಾಡಿದರು! ಆ ಪಂದ್ಯ ಗೆದ್ದು ನಮ್ಮವರು ದೆಹಲಿಯ ರೈಲು ಹತ್ತಿದ್ದು.

ಈಗ ಅವರ ಖಾತೆ. 1978-79ರವರೆಗೆ ದೆಹಲಿ ಒಮ್ಮೆಯೂ ರಣಜಿ ಗೆದ್ದಿರಲಿಲ್ಲ. ಮೊದಲ ಸಲ ಗೆದ್ದದ್ದು ಬೇಡಿ ನಾಯಕತ್ವದಲ್ಲಿ, ನಮ್ಮ ಮೇಲೆಯೇ, ನಮ್ಮ ಬೆಂಗಳೂರಿನಲ್ಲೇ, 399 ರನ್ನುಗಳಿಂದ. ಅಲ್ಲಿ ವಿಕೆಟ್ ಕೀಪರ್ ಸುರಿಂದರ್ ಖನ್ನಾ ಎರಡೂ ಇನ್ನಿಂಗ್ಸಿನಲ್ಲಿ ಶತಕ ಹೊಡೆದು 1979ರ ವಿಶ್ವಕಪ್ ತಂಡ ಸೇರಿದರು. ನಮ್ಮ ಕಿರ್ಮಾನಿ ಮನೆಯಲ್ಲಿ ಉಳಿದರು. ಮುಂದಿನ ವರ್ಷವೂ ದೆಹಲಿಯೇ ಚಾಂಪಿಯನ್. 1980-81ರಲ್ಲಿ ಫೈನಲ್ಲಿಗೆ ಬಂದು ಬಾಂಬೆಗೆ ಸೋತರು. ಅಂದರೆ ಇದು ಅವರಿಗೆ ಸಾಲಾಗಿ ನಾಲ್ಕನೇ ಫೈನಲ್, ಅದೂ ಮನೆ ಅಂಗಳದಲ್ಲಿ.

ಹಳೇ ಬಾಕಿ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆ ಜಾಗ ಬೇಕೇ?

ಕರ್ನಾಟಕ ಬ್ಯಾಟ್ ಮಾಡಿತು ನೋಡಿ... ಬಿನ್ನಿ 115, ಬ್ರಿಜೇಶ್ ಪಟೇಲ್ 124, ಖಾನ್ವಿಲ್ಕರ್ 113. ಮನೆಯಲ್ಲಿ ಉಳಿದಿದ್ದರು ಅಂದೆನಲ್ಲ, ಆ ಕಿರ್ಮಾನಿ 116. ಒಟ್ಟು 705.

ನಾನಾಗ ಹಾಸನದಲ್ಲಿ ಏಳನೇ ಕ್ಲಾಸು. ಪೇಪರಿನಲ್ಲಿ ಆ ಸಂಖ್ಯೆ ನೋಡಿ ಕುಣಿದಾಡುತ್ತಿದ್ದರೆ ಅಣ್ಣ (ನಮ್ಮ ಕಡೆ ಅಪ್ಪನನ್ನು ಹಾಗೇ ಕರೆಯುವುದು) ಕನ್ನಡಕ ಒರೆಸಿಕೊಳ್ಳುತ್ತಾ, "ಇನ್ನೂ ಅವರ ಇನ್ನಿಂಗ್ಸ್ ಬಾಕಿ ಇದೆಯಲ್ಲೋ" ಅಂದರು. ಎಷ್ಟು ಕೋಪ ಬಂದಿತ್ತು ಗೊತ್ತಾ!

ಇಲ್ಲಿ ರಣಜಿಯ ಒಂದು ನಿಯಮ ಹೇಳಬೇಕು, ಈಗಿನ ಹುಡುಗರಿಗೆ ಅದು ವಿಚಿತ್ರ ಅನ್ನಿಸುತ್ತದೆ. ನಾಕೌಟ್ ಪಂದ್ಯ ಡ್ರಾ ಆದರೆ ಮೊದಲ ಇನ್ನಿಂಗ್ಸಿನಲ್ಲಿ ಯಾರು ಮುಂದೋ ಅವರೇ ಗೆದ್ದ ಹಾಗೆ. ಒಂದು ರನ್ ಮುಂದಿದ್ದರೂ ಸಾಕು. ಟೊರಾಂಟೊದಲ್ಲಿರುವ ನನ್ನ ಅಕ್ಕನ ಮಗನಿಗೆ ಇದನ್ನು ಹೇಳಿದರೆ ನಗುತ್ತಾನೆ. ಅವನಿಗೆ ಐಸ್ ಹಾಕಿ ಹುಚ್ಚು. ಅಲ್ಲಿ ಪ್ಲೇಆಫ್ ಅಂದರೆ ಏಳು ಪಂದ್ಯಗಳ ಸರಣಿ, ನಾಲ್ಕು ಗೆದ್ದವನು ಮುಂದಕ್ಕೆ. ಟೊರಾಂಟೊ ಮತ್ತು ಮಾಂಟ್ರಿಯಲ್ ತಂಡಗಳದ್ದು ನಮ್ಮ ಹಾಗೇ ಹಳೇ ಹಗೆ. ಪ್ಲೇಆಫಿನಲ್ಲಿ 1979ರ ನಂತರ ಅವು ಮತ್ತೆ ಎದುರಾದದ್ದು 2021ರಲ್ಲಿ. ಟೊರಾಂಟೊ 3-1 ಮುಂದಿದ್ದೂ 3-4ರಲ್ಲಿ ಸೋತಿತು. ಅವತ್ತು ಅವನು ಫೋನಿನಲ್ಲಿ ಅಳುವುದೊಂದು ಬಾಕಿ. ಆದರೂ ನಾನು ಹೇಳಿದೆ, ನಿಮಗೆ ಮೂರು ರಾತ್ರಿ ಅವಕಾಶ ಸಿಕ್ಕಿತ್ತು ಕಣಪ್ಪಾ, ನಮಗೆ ಸಿಕ್ಕಿದ್ದು ಒಂದೇ ಇನ್ನಿಂಗ್ಸ್ ಅಂತ.

ಆ ನಿಯಮ ಅನ್ಯಾಯ ಅಂತ ನಾನು ಹೇಳುವ ಹಾಗಿಲ್ಲ ಬಿಡಿ. 1974ರಲ್ಲಿ ಬಾಂಬೆಯ ಸರಪಳಿ ಕಡಿದೆವು ಅಂದೆನಲ್ಲ, ಅದೂ ಮೊದಲ ಇನ್ನಿಂಗ್ಸಿನ ಲೀಡಿನಿಂದಲೇ.

ಇರಲಿ. ಕೋಟ್ಲಾಕ್ಕೆ ಬರೋಣ. ಮೊಹಿಂದರ್ ಅಮರನಾಥ್ ಆಗ ಭಾರತ ತಂಡದಿಂದ ಹೊರಗಿದ್ದವರು. ಆ ಸಿಟ್ಟೆಲ್ಲ ನಮ್ಮ ಮೇಲೆ ತೀರಿಸಿಕೊಂಡರೋ ಏನೋ, 185. ಗುರುಶರಣ್ ಸಿಂಗ್ 101. ಆದರೂ ಎಂಟನೇ ವಿಕೆಟ್ ಬಿದ್ದಾಗ ಸ್ಕೋರು 589. ಇನ್ನೂ 117 ಬೇಕು, ಉಳಿದಿರುವುದು ಎರಡೇ ವಿಕೆಟ್. ಯಾರೇ ಪ್ರಿವ್ಯೂ ಬರೆದಿದ್ದರೂ ಅಲ್ಲಿ ಪೆನ್ನು ಮುಚ್ಚಿಡುತ್ತಿದ್ದರು.

ಕ್ರೀಸಿನಲ್ಲಿದ್ದವರು ರಾಕೇಶ್ ಶುಕ್ಲಾ, ರಾಜೇಶ್ ಪೀಟರ್. ಒಬ್ಬರು ಲೆಗ್ ಸ್ಪಿನ್ನರ್, ಇನ್ನೊಬ್ಬರು ಮಧ್ಯಮ ವೇಗದ ಬೌಲರ್. ಇಬ್ಬರೂ ಔಟಾಗಲೇ ಇಲ್ಲ! ಶುಕ್ಲಾ 69, ಪೀಟರ್ 67, ಮುರಿಯದ 118ರ ಜೊತೆಯಾಟ. ದೆಹಲಿ 8 ವಿಕೆಟಿಗೆ 707. ಎರಡು ರನ್ನಿನ ಲೀಡು, ಕಪ್ ಅವರಿಗೆ.

ಅಮರನಾಥ್, ಬಿನ್ನಿ, ಕಿರ್ಮಾನಿ ಮುಂದಿನ ವರ್ಷ ಜೂನಿನಲ್ಲಿ ಲಾರ್ಡ್ಸ್‌ನಲ್ಲಿ ಒಂದೇ ತಂಡದಲ್ಲಿದ್ದು ವಿಶ್ವಕಪ್ ಗೆದ್ದರು. ಅದು ಎಲ್ಲರಿಗೂ ಗೊತ್ತು. ಆದರೆ ಆ ಕೊನೆಯ ಜೋಡಿ? ಶುಕ್ಲಾ ಅದೇ 1982ರಲ್ಲಿ ಮದ್ರಾಸಿನಲ್ಲಿ ಶ್ರೀಲಂಕಾ ವಿರುದ್ಧ ಒಂದು ಟೆಸ್ಟ್ ಆಡಿದರು, ಅದೇ ಮೊದಲು, ಅದೇ ಕೊನೆ. 2019ರಲ್ಲಿ ತೀರಿಕೊಂಡರು. ಪೀಟರ್‌ಗೆ ಅದೂ ಸಿಗಲಿಲ್ಲ. 1995ರಲ್ಲಿ, ಇನ್ನೂ ನಲವತ್ತೂ ತುಂಬದ ವಯಸ್ಸಿನಲ್ಲಿ ಹೋಗಿಬಿಟ್ಟರು. ನನ್ನನ್ನು ಕೆಣಕುವವರಿಗೆ ನಾನು ತಿರುಗಿ ಕೇಳುವುದು ಇದನ್ನೇ: ಆ 67 ಹೊಡೆದವರ ಹೆಸರು ಹೇಳಿ ನೋಡೋಣ? ಬಹಳಷ್ಟು ಜನ ಅಮರನಾಥರ ಹೆಸರು ಹೇಳಿ ಸುಮ್ಮನಾಗುತ್ತಾರೆ. ಗೆದ್ದ ಊರಿಗಿಂತ ಸೋತ ಊರೇ ಪೀಟರ್‌ನನ್ನು ಚೆನ್ನಾಗಿ ನೆನಪಿಟ್ಟುಕೊಂಡಿದೆ.

ಮುಂದಿನ ವರ್ಷವೇ, 1982-83ರಲ್ಲಿ, ಬಾಂಬೆಯನ್ನು ಅವರ ಊರಲ್ಲೇ ಮಣಿಸಿ ನಾವು ಕಪ್ ತಂದೆವು. ಹೇಗೆ ಅಂತೀರಾ? ಮೊದಲ ಇನ್ನಿಂಗ್ಸಿನ ಲೀಡಿನಿಂದ!

ಇದೇ ಕೋಟ್ಲಾದಲ್ಲಿ 2006ರ ಡಿಸೆಂಬರಿನಲ್ಲಿ ಇನ್ನೊಂದು ದೆಹಲಿ-ಕರ್ನಾಟಕ ಪಂದ್ಯ. ಹದಿನೆಂಟರ ಹುಡುಗನೊಬ್ಬ ರಾತ್ರಿ ಅಪ್ಪನನ್ನು ಕಳೆದುಕೊಂಡು ಬೆಳಿಗ್ಗೆ ಬಂದು ಇನ್ನಿಂಗ್ಸ್ ಮುಂದುವರಿಸಿದ, 90 ಹೊಡೆದು ದೆಹಲಿಯನ್ನು ಫಾಲೋ ಆನ್ ಭಯದಿಂದ ದಾಟಿಸಿದ. ವಿರಾಟ್ ಕೊಹ್ಲಿ. 2008ರಲ್ಲಿ ಅವನು ಬೆಂಗಳೂರು ತಂಡ ಸೇರಿದ ಮೇಲೆ ನಮ್ಮ ಬ್ರಾಂಚಿನ ಜಗಳ ಸ್ವಲ್ಪ ಗೋಜಲಾಗಿದೆ. ಐಪಿಎಲ್ ಬಂದರೆ ಅವರೂ ಬೆಂಗಳೂರಿಗೆ ಕೂಗುತ್ತಾರೆ, ರಣಜಿ ಬಂದರೆ ಮತ್ತೆ ಸಾತ್ ಸೌ ಪಾಂಚ್.

ಅಂದ ಹಾಗೆ, 1982ರ ಮಾರ್ಚಿನಲ್ಲಿ ಕೋಟ್ಲಾದಲ್ಲಿ ಕೂತು ಆ ಜೊತೆಯಾಟ ನೋಡಿದ ಹಳೇ ದೆಹಲಿ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನಾಲ್ಕು ಸಾಲು ಬರೆಯಿರಿ. ಗೆಲುವಿನ ಆ ರನ್ ಬಂದಾಗ ನೀವು ಯಾವ ಸ್ಟ್ಯಾಂಡಿನಲ್ಲಿದ್ದಿರಿ, ಸುತ್ತಮುತ್ತ ನಮ್ಮವರು ಎಷ್ಟು ಜನ ಇದ್ದರು?