ವೀಸಾ ಸಿಕ್ಕಿದರೆ ಸಾಕೇ? ವಿದೇಶದಲ್ಲಿ ಓದುವ ಮಕ್ಕಳ ಬಗ್ಗೆ ಹರಿದಾಡುವ 5 ತಪ್ಪು ಮಾತುಗಳು

"ಅಮೆರಿಕದ ಸ್ಟೂಡೆಂಟ್ ವೀಸಾ 5 ವರ್ಷಕ್ಕೆ ಸಿಗುತ್ತೆ. ಆಮೇಲೆ ಯಾರೂ ಏನೂ ಕೇಳಲ್ಲ. ಫೀ ಕಟ್ಟಿದರೆ ಆಯ್ತು, ಕ್ಲಾಸಿಗೆ ಹೋಗದೆ ಕೆಲಸ ಮಾಡಿ ಸಾಲ ತೀರಿಸಬಹುದು." ಇಂಥ ಫಾರ್ವರ್ಡ್‌ಗಳು ಪ್ರತಿ ವರ್ಷ ಅಡ್ಮಿಷನ್ ಸಮಯಕ್ಕೆ ಸರಿಯಾಗಿ ಮತ್ತೆ ಓಡಾಡಲು ಶುರುವಾಗುತ್ತವೆ. ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳ ಗ್ರೂಪ್‌ಗಳಿಗೂ ಇವು ಬರುತ್ತವೆ. ಇವುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಒಬ್ಬ ಮಗ ಅಥವಾ ಮಗಳು ವಿದೇಶಕ್ಕೆ ಓದಲು ಹೊರಟರೆ ಅದರ ಹಿಂದೆ ಇಡೀ ಮನೆಯ ಲೆಕ್ಕಾಚಾರ ಇರುತ್ತದೆ. ಶಿಕ್ಷಣ ಸಾಲ 7.5 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕ್‌ಗಳು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತವೆ. ತೆಂಗು, ಕಾಫಿ ನಂಬಿದ ಮನೆಗೆ ಅದು ಸಣ್ಣ ಮಾತಲ್ಲ. ಮಾಲೇಕಲ್ಲು ತಿರುಪತಿಗೆ ಹರಕೆ ಹೊತ್ತು, ಚೆನ್ನೈಗೆ ಹೋಗಿ ಸಂದರ್ಶನ ಮುಗಿಸಿ, ವೀಸಾ ಕೈಗೆ ಬಂದಾಗ "ಇನ್ನು ಗೆದ್ದಂತೆ" ಅನ್ನಿಸುವುದು ಸಹಜ. ಆದರೆ ಅಲ್ಲಿಗೆ ಮುಗಿದಿರುವುದು ಅರ್ಧ ಕೆಲಸ ಮಾತ್ರ.

ವೀಸಾ ಬೇರೆ, ಸ್ಟೇಟಸ್ ಬೇರೆ

ವೀಸಾ ಎಂದರೆ ಪಾಸ್‌ಪೋರ್ಟ್‌ನಲ್ಲಿ ಅಂಟಿಸುವ ಚೀಟಿ. ಆ ದೇಶದ ಬಾಗಿಲಿಗೆ ಬಂದು ಪ್ರವೇಶ ಕೇಳಲು ಅದು ಅನುಮತಿ. ಸ್ಟೇಟಸ್ ಎಂದರೆ ಒಳಗೆ ಹೋದ ಮೇಲೆ ಅಲ್ಲಿ ಇರಲು ಇರುವ ಕಾನೂನಿನ ಸ್ಥಾನಮಾನ. ವಿದ್ಯಾರ್ಥಿಯಾಗಿ ಹೋದವರು ವಿದ್ಯಾರ್ಥಿಯಾಗಿಯೇ ಇರುವವರೆಗೆ ಮಾತ್ರ ಅದು ಉಳಿಯುತ್ತದೆ.

ಅರಸೀಕೆರೆ ಜಂಕ್ಷನ್‌ನಲ್ಲಿ ಜನರಲ್ ಟಿಕೆಟ್ ತೆಗೆದುಕೊಂಡು ಸ್ಲೀಪರ್ ಬೋಗಿಯಲ್ಲಿ ಕೂತವರನ್ನು ನೆನೆಯಿರಿ. ಟಿಕೆಟ್ ನಕಲಿಯಲ್ಲ, ದಿನಾಂಕವೂ ಸರಿಯಿದೆ. ಆದರೂ ಟಿಟಿಇ ಬಂದರೆ ದಂಡ ಕಟ್ಟಬೇಕು, ಏಕೆಂದರೆ ಆ ಟಿಕೆಟ್‌ನ ಷರತ್ತು ಬೇರೆ. ವೀಸಾ ಅವಧಿ ಇನ್ನೂ 3 ವರ್ಷ ಉಳಿದಿದ್ದರೂ ಸ್ಟೇಟಸ್ ಕಳೆದುಕೊಳ್ಳುವುದು ಹೀಗೆಯೇ.

ಫಾರ್ವರ್ಡ್ 1: "ವೀಸಾ ಅವಧಿ ಇರುವವರೆಗೆ ಯಾವ ತೊಂದರೆಯೂ ಇಲ್ಲ"

ಇದು ತಪ್ಪು. ಅಮೆರಿಕದ ಎಫ್-1 ವಿದ್ಯಾರ್ಥಿಯ ಸ್ಟೇಟಸ್ ನಿಂತಿರುವುದು ಕಾಲೇಜು ಕೊಡುವ ಐ-20 ಪತ್ರ ಮತ್ತು ಸೆವಿಸ್ ಎಂಬ ಸರ್ಕಾರಿ ಕಂಪ್ಯೂಟರ್ ದಾಖಲೆಯ ಮೇಲೆ. ಓದು ನಿಂತರೆ ಕಾಲೇಜು ಅದನ್ನು ಸೆವಿಸ್‌ನಲ್ಲಿ ದಾಖಲಿಸಲೇಬೇಕು. ಮನೆ ಬದಲಾದರೂ 10 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು.

ಇದರ ಉಲ್ಟಾ ಕೂಡ ನಿಜ. ಅಮೆರಿಕದೊಳಗೆ ಇರುವಾಗ ಪಾಸ್‌ಪೋರ್ಟ್‌ನ ವೀಸಾ ಅವಧಿ ಮುಗಿದರೂ, ಸ್ಟೇಟಸ್ ಸರಿಯಿದ್ದರೆ ಓದು ಮುಂದುವರಿಸಬಹುದು. ಆದರೆ ಊರ ಹಬ್ಬಕ್ಕೆಂದು ಬಂದು ಹಿಂದಿರುಗುವಾಗ ಹೊಸ ವೀಸಾ ಬೇಕು. ಐ-20ರಲ್ಲಿ ಕಾಲೇಜಿನ ಪ್ರಯಾಣದ ಸಹಿಯೂ ಇರಬೇಕು.

ಎಫ್-1 ವಿದ್ಯಾರ್ಥಿಗಳ ಐ-94 ದಾಖಲೆಯಲ್ಲಿ ದಿನಾಂಕದ ಬದಲು "ಸ್ಟೇಟಸ್ ಇರುವವರೆಗೆ" ಎಂದು ನಮೂದಿಸುವ ಪದ್ಧತಿ ದಶಕಗಳಿಂದ ಇದೆ. ಅದರ ಬದಲು ನಿಗದಿತ ಅವಧಿ ಕೊಡುವ ಪ್ರಸ್ತಾವವನ್ನು ಅಮೆರಿಕ ಸರ್ಕಾರ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಹಾಗಾಗಿ ಪ್ರತಿ ಸಲ ಅಮೆರಿಕಕ್ಕೆ ಹೋದಾಗಲೂ ಐ-94 ತೆರೆದು ಏನು ಬರೆದಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಫಾರ್ವರ್ಡ್ 2: "ಫೀ ಕಟ್ಟಿದರೆ ಸಾಕು, ಕ್ಲಾಸಿಗೆ ಹೋಗಬೇಕಾಗಿಲ್ಲ"

ಹೆಚ್ಚು ಮನೆಗಳನ್ನು ಮುಳುಗಿಸಿದ ಮಾತು ಇದು. ಅಮೆರಿಕದಲ್ಲಿ ಪದವಿ ವಿದ್ಯಾರ್ಥಿ ಪ್ರತಿ ಸೆಮಿಸ್ಟರ್‌ನಲ್ಲಿ ಕನಿಷ್ಠ 12 ಕ್ರೆಡಿಟ್ ಓದಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಎಷ್ಟು ಎಂಬುದನ್ನು ಆಯಾ ವಿಶ್ವವಿದ್ಯಾಲಯ ಹೇಳುತ್ತದೆ. ಈ ಲೆಕ್ಕಕ್ಕೆ ಆನ್‌ಲೈನ್‌ನಲ್ಲಿ ಸೇರುವುದು ಒಂದು ಕ್ಲಾಸ್ ಅಥವಾ 3 ಕ್ರೆಡಿಟ್ ಮಾತ್ರ. ಅನಾರೋಗ್ಯದಂಥ ಕಾರಣಕ್ಕೆ ಕಡಿಮೆ ಓದಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ಮೊದಲು ಬಿಟ್ಟು ಆಮೇಲೆ ಹೇಳಿದರೆ ನಡೆಯುವುದಿಲ್ಲ.

"ಹೆಸರಿಗೆ ಅಡ್ಮಿಷನ್, ದುಡಿಮೆಗೆ ಅಮೆರಿಕ" ಎಂಬ ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದಕ್ಕೆ ದಾಖಲೆಯಲ್ಲಿರುವ ಉದಾಹರಣೆಗಳಿವೆ. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಯೂನಿವರ್ಸಿಟಿ ಮೇಲೆ ದಾಳಿ ನಡೆಯಿತು. ಅಲ್ಲಿದ್ದ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಬಹುಪಾಲು ಭಾರತೀಯರು. ಕೆಲವರ ಕಾಲಿಗೆ ನಿಗಾ ಸಾಧನ ಕಟ್ಟಲಾಯಿತು. ಸಂಸ್ಥೆ ನಡೆಸುತ್ತಿದ್ದಾಕೆಗೆ ಮುಂದೆ 16 ವರ್ಷಕ್ಕೂ ಹೆಚ್ಚಿನ ಜೈಲು ಶಿಕ್ಷೆಯಾಯಿತು.

2019ರ ಜನವರಿಯಲ್ಲಿ ಮಿಷಿಗನ್‌ನ ಫಾರ್ಮಿಂಗ್ಟನ್ ಯೂನಿವರ್ಸಿಟಿಯ ಸರದಿ. ಅಲ್ಲಿ ಪಾಠವೂ ಇರಲಿಲ್ಲ, ಮೇಷ್ಟ್ರೂ ಇರಲಿಲ್ಲ. ಅದನ್ನು ನಡೆಸುತ್ತಿದ್ದುದೇ ಅಮೆರಿಕದ ವಲಸೆ ಇಲಾಖೆಯ ಗುಪ್ತ ಅಧಿಕಾರಿಗಳು! ಸುಮಾರು 600 ಮಂದಿ ಸೇರಿದ್ದರು. ಮೊದಲ ಸುತ್ತಿನಲ್ಲೇ 129 ಭಾರತೀಯರು ಬಂಧನಕ್ಕೊಳಗಾದರು. ವಿದ್ಯಾರ್ಥಿಗಳನ್ನು ಸೇರಿಸಿದ್ದ 8 ದಲ್ಲಾಳಿಗಳ ಮೇಲೆ ಮೊಕದ್ದಮೆ ಹೂಡಲಾಯಿತು. ಸರ್ಕಾರವೇ ಬಲೆ ಬೀಸಿದ್ದು ಸರಿಯೇ ಎಂದು ಆಗ ದೊಡ್ಡ ಚರ್ಚೆಯಾಯಿತು, ಭಾರತ ಅಧಿಕೃತವಾಗಿ ಕಳವಳ ತಿಳಿಸಿತು. ಆದರೂ ಕಟ್ಟಿದ ಫೀ ಮತ್ತು ಕಳೆದ ವರ್ಷಗಳ ಭಾರ ಬಿದ್ದದ್ದು ಮನೆಯವರ ಮೇಲೆಯೇ.

2025ರ ಮೇ ತಿಂಗಳಲ್ಲಿ ಭಾರತದಲ್ಲಿರುವ ಅಮೆರಿಕ ರಾಯಭಾರ ಕಚೇರಿಯೇ ಎಚ್ಚರಿಕೆ ಪ್ರಕಟಿಸಿತು: ಕಾಲೇಜಿಗೆ ತಿಳಿಸದೆ ಕೋರ್ಸ್ ಬಿಟ್ಟರೆ ಅಥವಾ ಕ್ಲಾಸ್ ತಪ್ಪಿಸಿದರೆ ವೀಸಾ ರದ್ದಾಗಬಹುದು, ಮುಂದೆ ವೀಸಾ ಸಿಗುವ ಅರ್ಹತೆಯೂ ಹೋಗಬಹುದು.

ಫಾರ್ವರ್ಡ್ 3: "ಕ್ಯಾಷ್‌ನಲ್ಲಿ ಸಂಬಳ ತಗೊಂಡರೆ ಲೆಕ್ಕಕ್ಕಿಲ್ಲ"

ಲೆಕ್ಕಕ್ಕಿದೆ. ಸಂಬಳ ಕೈಗೆ ಬಂತೋ ಬ್ಯಾಂಕಿಗೆ ಬಂತೋ ಎಂಬುದು ಇಲ್ಲಿ ಪ್ರಶ್ನೆಯಲ್ಲ, ಕೆಲಸಕ್ಕೆ ಅನುಮತಿ ಇತ್ತೇ ಎಂಬುದು ಪ್ರಶ್ನೆ. ಒಂದೊಂದು ದೇಶದ ಮಿತಿ ಒಂದೊಂದು ರೀತಿ:

• ಅಮೆರಿಕ: ತರಗತಿ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ. ಹೊರಗೆ ಕೆಲಸ ಮಾಡಲು ಸಿಪಿಟಿ, ಓಪಿಟಿಯಂಥ ಪ್ರತ್ಯೇಕ ಅನುಮತಿ ಬೇಕು.
• ಬ್ರಿಟನ್: ಪದವಿ ಮಟ್ಟದ ಕೋರ್ಸ್‌ಗಳಿಗೆ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ. ಸ್ವಂತ ವ್ಯಾಪಾರ ಮಾಡುವಂತಿಲ್ಲ.
• ಕೆನಡಾ: 2024ರ ನವೆಂಬರ್‌ನಿಂದ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ.
• ಆಸ್ಟ್ರೇಲಿಯಾ: 2023ರ ಜುಲೈನಿಂದ ಎರಡು ವಾರಕ್ಕೆ 48 ಗಂಟೆ.
• ಜರ್ಮನಿ: 2024ರಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ.

ಒಂದು ದೇಶದ ನಿಯಮವನ್ನು ಇನ್ನೊಂದು ದೇಶಕ್ಕೆ ಹಚ್ಚಬೇಡಿ. ಹಳೆಯ ಫಾರ್ವರ್ಡ್‌ನ ಅಂಕಿಗಳನ್ನೂ ನಂಬಬೇಡಿ. ಕೆನಡಾದಲ್ಲಿ ಗಂಟೆಗಳ ಮಿತಿಗೆ ಕೊಟ್ಟಿದ್ದ ತಾತ್ಕಾಲಿಕ ವಿನಾಯಿತಿ 2024ರ ಏಪ್ರಿಲ್ 30ಕ್ಕೇ ಮುಗಿದಿದೆ.

ಫಾರ್ವರ್ಡ್ 4: "ಡಿಗ್ರಿ ಮುಗಿದ ಮೇಲೆ ಕೆಲಸ ಸಿಗುವವರೆಗೂ ಇರಬಹುದು"

ಅಮೆರಿಕದಲ್ಲಿ ಕೋರ್ಸ್ ಮುಗಿದ ಮೇಲೆ ಹೊರಡಲು 60 ದಿನ ಕೊಡುವುದು ಈವರೆಗಿನ ನಿಯಮ. ಮೇಲೆ ಹೇಳಿದ ಪ್ರಸ್ತಾವದಲ್ಲಿ ಇದನ್ನು 30ಕ್ಕೆ ಇಳಿಸುವ ಮಾತೂ ಇದೆ. ಅನುಮತಿ ಪಡೆದು ನಡುವೆ ಓದು ಬಿಟ್ಟವರಿಗೆ 15 ದಿನ. ಹೇಳದೆ ಬಿಟ್ಟು ಸ್ಟೇಟಸ್ ಕಳೆದುಕೊಂಡವರಿಗೆ ಒಂದು ದಿನವೂ ಇಲ್ಲ.

ಓದಿದ ವಿಷಯದಲ್ಲೇ ಕೆಲಸ ಮಾಡಲು ಓಪಿಟಿ ಎಂಬ 12 ತಿಂಗಳ ಅನುಮತಿ ಇದೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತದಂಥ ವಿಷಯಗಳವರಿಗೆ ಇನ್ನೂ 24 ತಿಂಗಳು ಸಿಗಬಹುದು. ಆದರೆ ಆ ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಇದು ಬಿಡಿ ದಿನಗಳನ್ನೂ ಕೂಡಿಸಿದ ಲೆಕ್ಕ.

ಫಾರ್ವರ್ಡ್ 5: "ಏನಾದರೂ ಆದರೆ ಏಜೆಂಟ್ ನೋಡಿಕೊಳ್ಳುತ್ತಾರೆ"

2023ರಲ್ಲಿ ಕೆನಡಾದಲ್ಲಿ ನೂರಾರು ಭಾರತೀಯ ವಿದ್ಯಾರ್ಥಿಗಳು ಗಡೀಪಾರಿನ ಭೀತಿ ಎದುರಿಸಿದರು. ಅವರಲ್ಲಿ ಹೆಚ್ಚಿನವರು ಪಂಜಾಬಿನವರು. ಏಜೆಂಟ್ ಕೊಟ್ಟಿದ್ದ ಅಡ್ಮಿಷನ್ ಪತ್ರ ನಕಲಿ ಎಂಬುದು ತಮಗೆ ವರ್ಷಗಳ ನಂತರ ತಿಳಿಯಿತು ಎಂದು ಅವರಲ್ಲಿ ಹಲವರು ಹೇಳಿದರು. ಆ ಬಳಿಕ, 2023ರ ಡಿಸೆಂಬರ್‌ನಿಂದ, ಪ್ರತಿ ಪತ್ರವನ್ನೂ ಕಾಲೇಜಿನೊಂದಿಗೆ ತಾಳೆ ನೋಡುವ ಪದ್ಧತಿ ಜಾರಿಗೆ ಬಂತು. ಅಡ್ಮಿಷನ್ ಪತ್ರ ಬಂದ ಕೂಡಲೇ ಕಾಲೇಜಿನ ಅಧಿಕೃತ ಇಮೇಲ್‌ಗೆ ನೀವೇ ಬರೆದು ಖಚಿತಪಡಿಸಿಕೊಳ್ಳಿ.

ಅಮೆರಿಕದಲ್ಲಿ ವಿದ್ಯಾರ್ಥಿ ಮೊದಲು ಮಾತಾಡಬೇಕಾದದ್ದು ಡಿಎಸ್‌ಒ ಜೊತೆ. ಅವರು ಸೆವಿಸ್ ದಾಖಲೆ ನೋಡಿಕೊಳ್ಳುವ ಕಾಲೇಜಿನ ಅಧಿಕಾರಿ. ಸ್ಟೇಟಸ್ ತಪ್ಪಿದರೆ ಮರಳಿ ಪಡೆಯಲು ಅರ್ಜಿ ಹಾಕುವ ದಾರಿಯೂ ಇದೆ, ಆದರೆ ಸಾಮಾನ್ಯವಾಗಿ 5 ತಿಂಗಳೊಳಗೆ ಹಾಕಬೇಕು. ಅನುಮತಿಯಿಲ್ಲದೆ ಕೆಲಸ ಮಾಡಿದವರಿಗೆ ಆ ದಾರಿ ಮುಚ್ಚಿದಂತೆಯೇ.

ಎಲ್ಲ ಸರಿಯಿದ್ದರೂ ತೊಂದರೆ ಬರಬಹುದೇ?

ಬರಬಹುದು. 2025ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳು ಏಕಾಏಕಿ ರದ್ದಾದವು. ಅವರಲ್ಲಿ ಭಾರತೀಯರೂ ಇದ್ದರು. ಹಲವರ ಹೆಸರಿನಲ್ಲಿದ್ದದ್ದು ಸಂಚಾರ ನಿಯಮ ಉಲ್ಲಂಘನೆಯಂಥ ಸಣ್ಣ ಪ್ರಕರಣ, ಕೆಲವು ಆಗಲೇ ವಜಾ ಆಗಿದ್ದವು. ವಿದ್ಯಾರ್ಥಿಗಳು ಕೋರ್ಟ್ ಮೆಟ್ಟಿಲೇರಿದರು. ಏಪ್ರಿಲ್ 25ರಂದು ಸರ್ಕಾರ ದಾಖಲೆಗಳನ್ನು ಮತ್ತೆ ಚಾಲ್ತಿಗೆ ತರುವುದಾಗಿ ಕೋರ್ಟಿಗೆ ತಿಳಿಸಿತು. "ನಾನು ನಿಯಮ ತಪ್ಪಿಲ್ಲ" ಎಂದು ತೋರಿಸಲು ಆಗ ಬೇಕಾಗುವುದು ಕಾಗದ ಪತ್ರ. ಹಾಜರಾತಿ, ಅಂಕಪಟ್ಟಿ, ಸಂಬಳದ ಚೀಟಿ, ಹಳೆಯ ಐ-20 ಎಲ್ಲವನ್ನೂ ಇಟ್ಟುಕೊಳ್ಳಬೇಕು.

ನಮ್ಮ ದೇಶದಲ್ಲೂ ಇಂಥದೇ ನಿಯಮ

"ಅವರದ್ದು ಮಾತ್ರ ಇಷ್ಟು ಕಟ್ಟುನಿಟ್ಟು" ಎನ್ನುವಂತಿಲ್ಲ. ಮೈಸೂರು, ಬೆಂಗಳೂರಿಗೆ ಓದಲು ಬರುವ ವಿದೇಶಿ ವಿದ್ಯಾರ್ಥಿಗಳ ವೀಸಾ 180 ದಿನಕ್ಕಿಂತ ಹೆಚ್ಚಿನದಾಗಿದ್ದರೆ, ಬಂದ 14 ದಿನದೊಳಗೆ ಅವರು ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕು. ಇದನ್ನು ಆನ್‌ಲೈನ್‌ನಲ್ಲೇ ಮಾಡಬಹುದು. ಹೇಳದೆ ಕಾಲೇಜು ಬದಲಿಸುವಂತಿಲ್ಲ.

ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅವನ್ನು ನೋಡಲು ಬಂದ ವಿದೇಶಿ ವಿದ್ಯಾರ್ಥಿ ನಿಮ್ಮ ಹೋಮ್‌ಸ್ಟೇಯಲ್ಲಿ ಉಳಿದರೆ, 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡುವುದು ಮಾಲೀಕರ ಹೊಣೆ. ರೂಢಿಯಲ್ಲಿ ಇದನ್ನು ಸಿ-ಫಾರಂ ಎನ್ನುತ್ತಾರೆ.

ಊರಿನಲ್ಲಿರುವ ಮನೆಯವರು ಏನು ಮಾಡಬಹುದು?

1. ಪಾಸ್‌ಪೋರ್ಟ್, ವೀಸಾ, ಐ-20 ಅಥವಾ ಆಯಾ ದೇಶದ ಪರವಾನಗಿ ಪತ್ರದ ಒಂದು ಪ್ರತಿ ಮನೆಯಲ್ಲಿರಲಿ. ಮುಗಿಯುವ ದಿನಾಂಕಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.
2. "ಈ ತಿಂಗಳು ಎಷ್ಟು ಕಳಿಸ್ತೀಯ?" ಎಂದು ಒತ್ತಾಯಿಸಬೇಡಿ. ಮಿತಿ ಮೀರಿ ದುಡಿಯಲು ಎಷ್ಟೋ ಸಲ ಕಾರಣವಾಗುವುದು ಈ ಪ್ರಶ್ನೆಯೇ. ಸಾಲದ ಕಂತಿನ ಲೆಕ್ಕವನ್ನು ಹೊರಡುವ ಮೊದಲೇ ಕೂತು ಮಾತಾಡಿ.
3. ಭಾರತ ಸರ್ಕಾರದ ಮದದ್ ಪೋರ್ಟಲ್‌ನಲ್ಲಿ ವಿದ್ಯಾರ್ಥಿಯ ಹೆಸರು ನೋಂದಾಯಿಸಿ. ಕಷ್ಟ ಬಂದಾಗ ದೂರು ಕೊಡಲೂ ಅದೇ ದಾರಿ.
4. "ನಿಮ್ಮ ಮಗನ ಸ್ಟೇಟಸ್ ರದ್ದಾಗಿದೆ, ಈಗಲೇ ಹಣ ಹಾಕಿ" ಎಂದು ಕರೆ ಬಂದರೆ ಕಟ್ ಮಾಡಿ, ಮೊದಲು ಮಗನಿಗೆ ಫೋನ್ ಮಾಡಿ. ವಲಸೆ ಇಲಾಖೆ ಫೋನಿನಲ್ಲಿ ಯುಪಿಐ, ಗಿಫ್ಟ್ ಕಾರ್ಡ್ ಕೇಳುವುದಿಲ್ಲ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಕೊನೆಯ ಮಾತು

ವೀಸಾ ಒಂದು ಸಲ ಸಿಗುತ್ತದೆ. ಸ್ಟೇಟಸ್‌ ಅನ್ನು ಪ್ರತಿ ಸೆಮಿಸ್ಟರ್ ಕಾಪಾಡಿಕೊಳ್ಳಬೇಕು: ಕ್ಲಾಸಿಗೆ ಹೋಗುವುದು, ಗಂಟೆಗಳ ಮಿತಿ ಮೀರದಿರುವುದು, ಏನೇ ಬದಲಾದರೂ ಮೊದಲು ಕಾಲೇಜಿಗೆ ಹೇಳುವುದು. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಕೊನೆಯ ಮಾತು ಕಾಲೇಜಿನ ಅಧಿಕಾರಿಯದ್ದು ಮತ್ತು ಆ ದೇಶದ ಸರ್ಕಾರಿ ಜಾಲತಾಣದ್ದು, ಗ್ರೂಪ್‌ನ ಫಾರ್ವರ್ಡ್‌ನದ್ದಲ್ಲ. ನಿಮ್ಮ ಗ್ರೂಪ್‌ನಲ್ಲೂ ಯಾರಾದರೂ ಮಕ್ಕಳನ್ನು ಕಳುಹಿಸಲು ತಯಾರಿ ನಡೆಸಿದ್ದರೆ, ಇದನ್ನು ಅವರಿಗೂ ಕಳುಹಿಸಿ.